ಆರು ಹನಿ ಹೆಚ್ಚು

ಮೂರು ಸಲವೂ ಇಪ್ಪತ್ತು ಪಾಯಿಂಟ್ ಏಳು.

ಫ್ಲಾಸ್ಕಿನಲ್ಲಿ ಬಣ್ಣ ಕಾಣುವವರೆಗೆ ಬ್ಯೂರೆಟ್ಟಿನಿಂದ ಬಿಡಬೇಕಾಗಿದ್ದುದು ಇಪ್ಪತ್ತು ಪಾಯಿಂಟ್ ನಾಲ್ಕು ಮಿಲಿಲೀಟರ್. ಎರಡು ಹನಿಯವರೆಗೆ ಆಚೀಚೆಯಾದರೆ ಪೂರ್ತಿ ಅಂಕ, ನಾಲ್ಕು ಹನಿಯವರೆಗೆ ಅರ್ಧ, ಅದನ್ನೂ ಮೀರಿದರೆ ಸೊನ್ನೆ. ಇಲ್ಲಿ ಆರು ಹನಿ ಹೆಚ್ಚಾಗಿತ್ತು. ನಿಖರತೆಯ ಹತ್ತು ಅಂಕಗಳ ಜಾಗದಲ್ಲಿ ಸೊನ್ನೆ ಬರೆದು ಒಟ್ಟು ಕೂಡಿಸಿದೆ. ಐವತ್ತನಾಲ್ಕು. ಮೊದಲ ಇಬ್ಬರಿಗೆ ಅರವತ್ತೊಂದು, ಐವತ್ತೆಂಟು. ಸೀಟು ಎರಡೇ.

"ಯಾರದು ಮೇಡಂ?" ಎಂದರು ಅಟೆಂಡರ್. ಪರೀಕ್ಷೆ ಮುಗಿದು ಮಕ್ಕಳು ಹೋಗಿದ್ದರು. ಅವರು ಬ್ಯೂರೆಟ್ಟುಗಳನ್ನು ತೊಳೆದು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದರು. ಈ ಲ್ಯಾಬಿನಲ್ಲಿ ಅವರಿಗೆ ಇಪ್ಪತ್ತಾರು ವರ್ಷ. ನನಗೆ ಒಂದೂವರೆ.

"ನೀಲಿಯದು."

ಒದ್ದೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದರು. "ಮೂರೂ ಒಂದೇನಾ? ಇದು ಕಣ್ಣಿಂದ ನೋಡಿ ಬರೆದದ್ದಲ್ಲ, ತಲೆಯಿಂದ ತೆಗೆದು ಬರೆದದ್ದು. ನಮ್ಮ ಶಾಲೆ ಮಕ್ಕಳಾದ್ರೆ ಸ್ವಲ್ಪ ಆಚೀಚೆ ಮಾಡಿ ಬರೀತಾರೆ. ಕಳ್ಳತನಕ್ಕೂ ಒಂದು ನಯ ನಾಜೂಕು ಬೇಕಲ್ವಾ?"

ನೀಲಿ ಅವಳ ಹೆಸರಲ್ಲ. ಅವಳ ತಾಯಿ ನೂಲಿಗೆ ಬಣ್ಣ ಹಾಕುವ ಕೆಲಸದವಳು. ಮಗಳೂ ಚಿಕ್ಕಂದಿನಿಂದ ಜೊತೆಗೆ ಕೈ ಹಾಕಿದವಳು. ಉಗುರಿನ ಸಂದಿಯ ನೀಲಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಲ್ಯಾಬಿಗೆ ಬಂದ ಮೊದಲ ದಿನವೇ ಅಟೆಂಡರ್ ಆ ಹೆಸರಿಟ್ಟರು. ಅವಳನ್ನು ಬಿಟ್ಟಿರದ ಟೈಲರ್ ಮಗಳಿಗೆ ಗುಂಡುಸೂಜಿ ಎಂದು ಇಟ್ಟರು. ಈಗ ಐವತ್ತೆಂಟು ಅಂಕ ಬಂದಿದ್ದುದು ಗುಂಡುಸೂಜಿಗೆ. ಅರವತ್ತೊಂದು ಗಡಿಯಾರ ರಿಪೇರಿಯವರ ಮಗನಿಗೆ.

ನಮ್ಮದು ಖಾಸಗಿ ಶಾಲೆ. ಹಿಂಗೋಡೆಯ ಆಚೆಗೇ ಬಣ್ಣದ ಬೀದಿ. ಮೂವತ್ತು ವರ್ಷ ಶಾಲೆ ಆ ಕಡೆ ತಿರುಗಿ ನೋಡಿದ್ದು ಚರಂಡಿಯಲ್ಲಿ ಕೆಂಪು ನೀರು ಬಂದಾಗ ದೂರು ಕೊಡಲಿಕ್ಕೆ ಮಾತ್ರ. ಹೋದ ವರ್ಷ ಬಂದ ಹೊಸ ಪ್ರಾಂಶುಪಾಲರು ಬೀದಿಯವರನ್ನು ಕರೆದು ಕೂರಿಸಿ ಒಂದು ಒಪ್ಪಂದ ಮಾಡಿದರು. ಶನಿವಾರ ಮಧ್ಯಾಹ್ನ ನಮ್ಮ ಲ್ಯಾಬು ಬೀದಿಯ ಮಕ್ಕಳಿಗೆ. ಹತ್ತನೇ ತರಗತಿ ಮುಗಿಸಿದವರಲ್ಲಿ ಪ್ರತಿ ವರ್ಷ ಇಬ್ಬರಿಗೆ ಎರಡು ವರ್ಷದ ವಿಜ್ಞಾನದ ಓದು ಉಚಿತ. ಆಯ್ಕೆ ಸಮಿತಿಯಲ್ಲಿ ಬೀದಿಯವರದೂ ಒಬ್ಬರು. ನಮ್ಮ ಮಕ್ಕಳು ಅವರ ಬಣ್ಣದ ಮನೆಗಳಿಗೆ ಹೋಗಿ ಕೆಲಸ ನೋಡಬೇಕು ಎಂದೂ ಅದರಲ್ಲಿ ಇತ್ತು. ಯಾರೂ ಇನ್ನೂ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ಸೋಮವಾರ ಪ್ರಾಂಶುಪಾಲರು ಪತ್ರಿಕೆಯನ್ನು ಎರಡು ಸಲ ನೋಡಿದರು.

"ನಿಮಗೇನನ್ನಿಸುತ್ತೆ?"

"ಗೊತ್ತಿಲ್ಲ ಸರ್."

"ಸುಳ್ಳು ಬರೆದಿದ್ರೆ ಸೀಟಿನ ಮಾತು ಹಾಗಿರಲಿ, ಶನಿವಾರದ ತರಗತಿಯಿಂದಲೂ ತೆಗೀಬೇಕಾಗುತ್ತೆ. ಒಪ್ಪಂದದಲ್ಲಿ ಬರೆದುಕೊಟ್ಟಿದೀವಿ ಹಾಗಂತ. ಬುಧವಾರ ಪಟ್ಟಿ ಹಾಕಬೇಕು. ನಾಳೆ ಸಮಿತಿ. ಅಷ್ಟರಲ್ಲಿ ಹುಡುಗಿಯನ್ನ ಒಂದು ಮಾತು ಕೇಳಿ."

ಸಂಜೆ ಶಾಲೆ ಬಿಟ್ಟ ಮೇಲೆ ಅವಳನ್ನು ಕರೆಸಿದೆ. ಲ್ಯಾಬಿನ ಬಾಗಿಲಲ್ಲೇ ನಿಂತಳು. ಇವತ್ತು ಶನಿವಾರವಲ್ಲವೆಂದು ಒಳಗೆ ಬರಲಿಲ್ಲವೋ ಏನೋ.

"ಮೂರೂ ಒಂದೇ ಹೇಗೆ ಬಂತು?"

"ಒಂದೇ ಬಣ್ಣಕ್ಕೆ ನಿಲ್ಲಿಸಿದೆ. ಮತ್ತೆ ಬೇರೆ ಬೇರೆ ಹೇಗೆ ಬರುತ್ತೆ?"

"ಎಲ್ಲರಿಗೂ ಬರುತ್ತೆ."

"ಎಲ್ಲರೂ ಬಣ್ಣದವರ ಮನೇಲಿ ಹುಟ್ಟಿಲ್ಲ." ಅಷ್ಟು ಹೇಳಿ ನನ್ನ ಮುಖ ನೋಡಿದಳು. "ಸುಳ್ಳು ಬರೆದೆ ಅಂತಾನಾ ಮೇಡಂ?"

"ಕೆಲವರು ಹಾಗಂತಾರೆ."

"ನೀವು?"

ನಾನು ಪತ್ರಿಕೆ ಮಡಚಿದೆ.

"ನೀವು ಅಲ್ಲೇ ಇದ್ರಲ್ಲ," ಎಂದಳು.

ಅಲ್ಲೇ ಇದ್ದೆ. ಕಿಟಕಿಯ ಹತ್ತಿರ. ಹದಿನಾಲ್ಕು ಶನಿವಾರಗಳೂ ಅಲ್ಲೇ ಇದ್ದೆ. ನಮ್ಮ ಮನೆಯವರು ತೀರಿಹೋಗಿ ಎಂಟು ತಿಂಗಳಾಗಿತ್ತು. ಕೆಲಸಕ್ಕೆ ಒಂದು ದಿನವೂ ತಪ್ಪಿಸಿರಲಿಲ್ಲ. ಎಲ್ಲರೂ ಅದಕ್ಕೆ ನನ್ನನ್ನು ಹೊಗಳುತ್ತಿದ್ದರು.

"ಸೀಟು ಬರಲಿಲ್ಲ ಅಂದ್ರೆ ಒಂದನೇ ತಾರೀಕಿಂದ ಅಮ್ಮನ ಜೊತೆ ಬಣ್ಣದ ತೊಟ್ಟಿ ಕೆಲಸಕ್ಕೆ ಹೋಗ್ತೀನಿ," ಎಂದಳು ನೀಲಿ. "ಮೇಸ್ತ್ರಿ ಹತ್ರ ಮಾತಾಡಿ ಆಗಿದೆ. ಅದಕ್ಕೇನೂ ಅಳಲ್ಲ ನಾನು. ಆದ್ರೆ ಕಳ್ಳಿ ಅಂತ ಅನ್ನಿಸಿಕೊಂಡು ಹೋಗಲ್ಲ. ಬೇಕಾದ್ರೆ ಬಂದು ನಮ್ಮಮ್ಮನ್ನ ಕೇಳಿ, ನನ್ನ ಕಣ್ಣು ಎಂಥದ್ದು ಅಂತ."

ಹೋದೆ.

ಶಾಲೆಗೂ ಬೀದಿಗೂ ನಡುವೆ ಒಂದೇ ಗೋಡೆಯಾದರೂ ಸುತ್ತಿ ಬಳಸಿ ಹೋಗಲು ಕಾಲು ಗಂಟೆ ಬೇಕು. ಬಣ್ಣದ ಮನೆ ಎಂದರೆ ತಗಡಿನ ಮಾಡಿನ ಉದ್ದನೆಯ ಕೋಣೆ. ನೆಲದಲ್ಲಿ ಸಾಲಾಗಿ ಆರು ತೊಟ್ಟಿಗಳು, ಮೇಲೆ ಆವಿ. ಗೋಡೆಯಿಂದ ಗೋಡೆಗೆ ಕಟ್ಟಿದ ಬಿದಿರುಗಳ ಮೇಲೆ ನೂಲಿನ ಲಡಿಗಳು ನೇತಾಡುತ್ತಿದ್ದವು. ನೀಲಿಯ ತಾಯಿ ಮೊಣಕೈವರೆಗೆ ಗುಲಾಬಿಯಾಗಿದ್ದಳು.

"ಕೂತ್ಕೊಳ್ಳಿ ಅನ್ನೋಣ ಅಂದ್ರೆ ಇಲ್ಲಿ ಒಣಗಿರೋ ಜಾಗ ಯಾವುದೂ ಇಲ್ಲ ಮೇಡಂ. ಬಟ್ಟೆಗೆ ಪುಕ್ಕಟೆ ಬಣ್ಣ ಬೇಕಾದ್ರೆ ಕೂತ್ಕೊಳ್ಳಿ." ನಕ್ಕಳು. ಮಗಳ ಮುಖ ನೋಡಿ ನಗು ನಿಲ್ಲಿಸಿದಳು. "ಏನಾಯ್ತು? ಏನಾದ್ರೂ ಒಡೆದು ಹಾಕಿದ್ಲಾ?"

"ಇಲ್ಲ ಅಕ್ಕ. ಕೆಲಸ ನೋಡೋಣ ಅಂತ ಬಂದೆ."

"ಇದನ್ನೇನು ನೋಡ್ತೀರಿ!" ಎಂದರೂ ತೋರಿಸಿದಳು. ಕೋಲಿನಿಂದ ಲಡಿಯನ್ನು ತೊಟ್ಟಿಯಿಂದ ಎತ್ತಿ ಹಿಂಡಿದಳು. ಒಳ್ಳೆ ಕಡು ಗುಲಾಬಿ.

"ಇದು ಯಾವ ಬಣ್ಣಕ್ಕೆ?"

"ತಿಳಿ ಗುಲಾಬಿ. ಮಕ್ಕಳ ಬಟ್ಟೆಗೆ ಹೋಗುತ್ತೆ."

"ಇದು ತಿಳಿನಾ?"

ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದ ರೀತಿ ಒಂದೇ ಆಗಿತ್ತು. ಏನೂ ತಿಳಿಯದ ಮಗುವನ್ನು ನೋಡಿದ ಹಾಗೆ. ತಾಯಿ ಬಿದಿರಿನ ಮೇಲಿಂದ ಒಣಗಿದ ಲಡಿಯೊಂದನ್ನು ಎಳೆದು ನನ್ನ ಕೈಗಿಟ್ಟಳು. ಅಷ್ಟು ತೆಳು ಗುಲಾಬಿ, ಇದೆಯೋ ಇಲ್ಲವೋ ಅನ್ನುವಂತೆ.

"ಇದೂ ಇದೇ ತೊಟ್ಟಿದು, ಬೆಳಿಗ್ಗೆ ತೆಗೆದದ್ದು. ಒಣಗಿದಾಗ ಬಣ್ಣ ಇಳಿದುಬಿಡುತ್ತೆ ಮೇಡಂ. ಹಸಿಯಲ್ಲಿ ಕಣ್ಣಿಗೆ ಸಾಕು ಅನ್ನಿಸುತ್ತಲ್ಲ, ಆಗ ನಿಲ್ಲಿಸಿದ್ರೆ ಕೆಟ್ಟೆವು. ಇನ್ನೂ ಅಷ್ಟು ಹೋಗಬೇಕು. ಎಷ್ಟು ಅಂತ ಕೇಳಬೇಡಿ, ಅದು ಕಣ್ಣಿಗೇ ಗೊತ್ತು. ಇವಳು ಎಂಟು ವರ್ಷದವಳಿದ್ದಾಗಲೇ ಅದನ್ನ ಹಿಡಿದುಬಿಟ್ಲು. ಬೆಳಗಿನ ಲಡಿಗೂ ಸಂಜೆ ಲಡಿಗೂ ಒಂದು ಕೂದಲಷ್ಟು ಹೆಚ್ಚುಕಮ್ಮಿ ಇರಲ್ಲ ಇವಳ ಕೈಯಲ್ಲಿ."

ನೀಲಿಯ ಕಡೆ ತಿರುಗಿದೆ. "ಫ್ಲಾಸ್ಕಿನಲ್ಲೂ ಹೀಗೇ ಮಾಡಿದ್ಯಾ?"

"ತಿಳಿ ಗುಲಾಬಿ ಬರಬೇಕು ಅಂದ್ರಲ್ಲ ನೀವು."

"ಫ್ಲಾಸ್ಕಿನಲ್ಲಿರೋದು ಒಣಗಲ್ಲ ನೀಲಿ."

ಲಡಿ ಸರಿಸುತ್ತಿದ್ದ ಅವಳ ಕೈ ಹಾಗೇ ನಿಂತಿತು. ಎಲ್ಲವೂ ಅವಳಿಗೆ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. ಅದರಲ್ಲಿ ನನ್ನ ಪಾಲೆಷ್ಟು ಎಂದು ನನಗೆ ಅರ್ಥವಾಗಲು ದಾರಿಯುದ್ದಕ್ಕೂ ನಡೆಯಬೇಕಾಯಿತು.

ಪಾಠದಲ್ಲಿ ಒಂದು ಕ್ರಮವಿದೆ. ಮಕ್ಕಳಿಗೆ ಕೊಡುವ ದ್ರಾವಣವನ್ನು ಮೊದಲು ಟೀಚರ್ ತಾನೇ ಮಾಡಿ ನೋಡಿ ಸರಿಯಾದ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಪ್ರತಿಯೊಬ್ಬರ ಪಕ್ಕ ನಿಂತು, ಅವರ ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಪರೀಕ್ಷೆಯ ದ್ರಾವಣವನ್ನು ಮಾತ್ರ ಮಾಡಿ ನೋಡಿದ್ದೆ, ಉಳಿದ ಶನಿವಾರಗಳಲ್ಲಿ ಎರಡನ್ನೂ ಮಾಡಿರಲಿಲ್ಲ. ಅಟೆಂಡರ್ ಕಲಸಿಟ್ಟದ್ದನ್ನು ಕೊಟ್ಟೆ. ಒಮ್ಮೆ ಮಾಡಿ ತೋರಿಸಿದೆ. ಮೂರು ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಸರಿ ಎಂದು ಗುರುತು ಹಾಕಿದೆ. ನೀಲಿಯವು ಯಾವಾಗಲೂ ಹತ್ತಿರವೇ ಇದ್ದವು. ಹದಿನಾಲ್ಕು ವಾರವೂ ಅವಳು ಆರು ಹನಿ ಹೆಚ್ಚು ಬಿಟ್ಟಳು, ಹದಿನಾಲ್ಕು ವಾರವೂ ನಾನು ಸರಿ ಎಂದೆ.

ಮನೆಯಲ್ಲಿ ಅತ್ತೆ ತಟ್ಟೆ ಹಾಕಿ ಕೂತಿದ್ದರು. ಎರಡು ತುತ್ತು ತಿಂದು, "ಇವತ್ತೂ ಎರಡು ಸಲ ಉಪ್ಪು ಬಿದ್ದಿದೆ," ಎಂದರು.

"ಇವತ್ತೂ ಅಂದ್ರೆ?"

"ಎಂಟು ತಿಂಗಳಿಂದ. ನನ್ನ ಬಿ.ಪಿ. ಮಾಡು ಹತ್ತಿ ಕೂತಿದೆ."

"ಹೇಳಬಾರದಿತ್ತಾ ಅತ್ತೆ?"

"ಹೇಗೆ ಹೇಳಲಿ? ಒಲೆ ಮುಂದೆ ನಿಂತಿದೀಯಲ್ಲ, ಅಷ್ಟೇ ಸಾಕು ಅನ್ಕೊಂಡೆ." ನೀರು ಕುಡಿದರು. "ಇವತ್ತು ಯಾಕೋ ಕೇಳಿಸಿಕೊಳ್ಳೋ ಮುಖ ಇತ್ತು. ಹೇಳಿದೆ."

ಮಂಗಳವಾರ ಸಮಿತಿ. ಪ್ರಾಂಶುಪಾಲರು, ನಾನು, ಬೀದಿಯ ಪರವಾಗಿ ಬಣ್ಣದ ಮೇಸ್ತ್ರಿ. ಮೇಸ್ತ್ರಿ ವಯಸ್ಸಾದವರು. ಕುರ್ಚಿಯ ಅಂಚಿನಲ್ಲಿ ಕೂತು, ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು.

ನಾನು ಹೇಳಬೇಕಾದುದನ್ನು ಹೇಳಿದೆ. ಹುಡುಗಿ ಸುಳ್ಳು ಬರೆದಿಲ್ಲ. ತಪ್ಪು ಕಲಿತವಳದಲ್ಲ, ಕಲಿಸಿದವಳದು. ಹದಿನಾಲ್ಕು ವಾರ ಮಾಡಿ ನೋಡದೆ ದ್ರಾವಣ ಕೊಟ್ಟೆ, ಯಾರ ಕೈಯನ್ನೂ ನೋಡಲಿಲ್ಲ.

"ನಿಮ್ಮ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ," ಎಂದರು ಪ್ರಾಂಶುಪಾಲರು. "ಇದನ್ನ ಇಲ್ಲಿಗೇ ಬಿಡಬಹುದು. ಹುಡುಗಿ ಮೇಲೆ ಆರೋಪ ಇಲ್ಲ ಅಂತ ಬರೀತೀನಿ. ಪಟ್ಟಿ ಹಾಗೇ ಇರಲಿ."

"ಪಟ್ಟಿ ಸರಿಯಿಲ್ಲ ಸರ್. ಮತ್ತೆ ಪರೀಕ್ಷೆ ಆಗಬೇಕು. ಹನ್ನೊಂದು ಮಕ್ಕಳಿಗೂ. ಅದಕ್ಕೆ ಮೊದಲು ಒಂದು ತರಗತಿ, ಸರಿಯಾಗಿ."

"ಹಾಗಾದ್ರೆ ಕಾರಣ ಬರೀಬೇಕಾಗುತ್ತೆ. ಅದು ನಿಮ್ಮ ಫೈಲಿಗೆ ಹೋಗುತ್ತೆ. ನಿಮ್ಮದು ಇನ್ನೂ ಕಾಯಂ ಆಗಿಲ್ಲ."

"ಬರೀರಿ."

ಮೇಸ್ತ್ರಿ ಮುಂದಕ್ಕೆ ಬಾಗಿದರು. "ಒಂದು ಮಾತು," ಎಂದರು. "ಆ ಹುಡುಗಿ ನಮ್ಮ ತೊಟ್ಟಿಗೆ ಬಂದ್ರೆ ನನಗೇ ಲಾಭ. ಅಂಥ ಕಣ್ಣು ಹತ್ತು ವರ್ಷಕ್ಕೊಂದು ಸಿಗೋದು. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮೇಸ್ತ್ರಿ ಮುಚ್ಚಿಟ್ಟ ಅನ್ನಬೇಡಿ. ಇನ್ನೊಂದು. ಟೈಲರ್ ಮಗಳೂ ನಮ್ಮ ಬೀದಿಯವಳೇ. ನಿಮ್ಮ ಅಟೆಂಡರ್ ಬಾಯಿಂದ ಸೀಟು ಅವಳಿಗೇ ಅಂತ ಬೀದಿಗೆಲ್ಲ ಗೊತ್ತಾಗಿದೆ. ಅವರಪ್ಪ ನಿನ್ನೆ ಅಂಗಡಿ ಮುಂದೆ ಹೋಗೋರನ್ನೆಲ್ಲ ಕರೆದು ಕರೆದು ಹೇಳ್ತಿದ್ದ. ಇವಳನ್ನ ಎತ್ತೋಕೆ ಅವಳನ್ನ ಇಳಿಸಿದ ಹಾಗಾಗುತ್ತೆ. ನೀವು ಗೋಡೆ ಈಚೆ ಇರ್ತೀರಿ. ನಾನು ಇಬ್ಬರ ಮನೆ ಮುಂದೂ ದಿನಾ ಓಡಾಡಬೇಕು."

"ಹಾಗಾದ್ರೆ ನೀವೇನಂತೀರಿ?" ಪ್ರಾಂಶುಪಾಲರು ಕೇಳಿದರು.

"ಬಣ್ಣ ತಪ್ಪಿದ ಲಡೀನ ನಾವು ಗಿರಾಕಿಗೆ ಕೊಡಲ್ಲ. ಯಾರ ತಪ್ಪು ಅಂತ ಆಮೇಲೆ ನೋಡ್ತೀವಿ. ಮೊದಲು ವಾಪಸ್ ತೊಟ್ಟಿಗೆ ಹಾಕ್ತೀವಿ." ಮೇಜಿನ ಕೆಳಗಿನಿಂದ ಕೈ ತೆಗೆದರು. "ಮತ್ತೆ ಪರೀಕ್ಷೆ ಮಾಡಿ. ನಾನೂ ಬಂದು ಕೂರ್ತೀನಿ."

ಗುರುವಾರ ಸಂಜೆ ಹನ್ನೊಂದು ಜನರನ್ನೂ ಕರೆದು ತರಗತಿ ಮಾಡಿದೆ. ತಪ್ಪು ನನ್ನದೆಂದು ಎಲ್ಲರ ಎದುರು ಹೇಳಿದೆ. ಗುಂಡುಸೂಜಿ ತಲೆ ಎತ್ತಲಿಲ್ಲ. ಅವಳು ಅವತ್ತು ನೀಲಿಯ ಪಕ್ಕ ನಿಂತಿರಲಿಲ್ಲ.

ತರಗತಿ ಮುಗಿದ ಮೇಲೆ ನೀಲಿ ಉಳಿದುಕೊಂಡಳು.

"ನಾನು ಪರೀಕ್ಷೆಗೆ ಬರಲ್ಲ ಮೇಡಂ. ಕಳ್ಳಿ ಅಲ್ಲ ಅಂತ ಆಯ್ತಲ್ಲ, ಸಾಕು."

"ಯಾಕೆ?"

"ಅವಳು ಮಾತು ಬಿಟ್ಟಿದಾಳೆ."

"ನೀನು ಬರದಿದ್ರೂ ಪರೀಕ್ಷೆ ಆಗುತ್ತೆ. ಅವಳೂ ಮತ್ತೆ ಬರೀಬೇಕು. ನೀನು ಬರದೆ ಅವಳು ಗೆದ್ದರೆ, ಅದನ್ನ ನಿನ್ನಿಂದ ದಾನ ತಗೊಂಡ ಹಾಗಾಗುತ್ತೆ. ಅವಳು ತಗೋತಾಳಾ?"

"ಇಲ್ಲ. ಸೊಕ್ಕು ಜಾಸ್ತಿ ಅವಳಿಗೆ," ಎಂದಳು. ಆ ಮಾತಿನಲ್ಲಿ ಹೆಮ್ಮೆ ಇತ್ತು.

ಶನಿವಾರ ಬೆಳಿಗ್ಗೆ ಹೊಸ ದ್ರಾವಣ ಕಲಸಿ ನಾನೇ ಮೂರು ಸಲ ಮಾಡಿ ನೋಡಿದೆ. ಹದಿನೆಂಟು ಪಾಯಿಂಟ್ ಎರಡು. ಚೀಟಿಯಲ್ಲಿ ಬರೆದು ಮೇಸ್ತ್ರಿಯ ಕೈಗೆ ಕೊಟ್ಟೆ. ಅವರು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತರು. ಅಟೆಂಡರ್ ಅವತ್ತು ಒಂದು ಜೋಕನ್ನೂ ಹೇಳಲಿಲ್ಲ.

ಈ ಸಲ ಕಿಟಕಿಯ ಹತ್ತಿರ ಹೋಗಲಿಲ್ಲ. ಒಬ್ಬೊಬ್ಬರ ಪಕ್ಕ ನಿಂತೆ. ಗಡಿಯಾರ ರಿಪೇರಿಯವರ ಮಗ ನಲ್ಲಿಯನ್ನು ತಿರುಗಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಗುಂಡುಸೂಜಿ ಅಂಕಿ ಓದುವಾಗ ತಲೆಯನ್ನು ಗೆರೆಗಿಂತ ಸ್ವಲ್ಪ ಕೆಳಕ್ಕೆ ಬಗ್ಗಿಸುತ್ತಿದ್ದಳು, ಅದರಿಂದ ಪ್ರತಿ ಸಲ ಅರ್ಧ ಗೆರೆ ಕೆಳಗೆ ಓದುತ್ತಿದ್ದಳು. ಗುರುವಾರ ನಾನು ಅದನ್ನು ಗಮನಿಸಿರಲಿಲ್ಲ. ಗುರುವಾರ ನನ್ನ ಕಣ್ಣು ಒಬ್ಬಳ ಮೇಲೇ ಇತ್ತು. ಈಗ ಬಾಯಿ ಬಿಡುವಂತಿರಲಿಲ್ಲ.

ನೀಲಿ ಮೊದಲ ಸಲ ಎರಡು ಹನಿ ಹೆಚ್ಚು ಬಿಟ್ಟಳು. ಎರಡನೇ ಸಲ ಗುಲಾಬಿ ಹೌದೋ ಅಲ್ಲವೋ ಅನ್ನುವಂತೆ ಕಂಡಾಗ ಅವಳ ಬೆರಳು ನಲ್ಲಿಯ ಮೇಲೇ ನಿಂತಿತು. ಇನ್ನೂ ಬಿಡು ಎಂದು ಎಂಟು ವರ್ಷ ಅಭ್ಯಾಸವಾದ ಕಣ್ಣು. ಸಾಕು ಎಂದು ಎರಡು ದಿನದ ಪಾಠ. ನಲ್ಲಿ ಮುಚ್ಚಿದಳು. ಅಪೂರ್ಣ ಕೆಲಸವೊಂದನ್ನು ಬಿಟ್ಟು ಬಂದವಳ ಮುಖದಲ್ಲಿ ಅಂಕಿ ಬರೆದಳು. ಮೂರನೇ ಸಲವೂ ಹಾಗೇ.

ಹದಿನೆಂಟು ಪಾಯಿಂಟ್ ಮೂರು, ಎರಡು, ಎರಡು.

ಒಟ್ಟು ಅರವತ್ತನಾಲ್ಕು. ಗಡಿಯಾರ ರಿಪೇರಿಯವರ ಮಗನಿಗೆ ಅರವತ್ತು. ಗುಂಡುಸೂಜಿಗೆ ಐವತ್ತೊಂಬತ್ತು. ಹೋದ ವಾರಕ್ಕಿಂತ ಒಂದು ಹೆಚ್ಚು ತೆಗೆದು ಅವಳು ಮೂರನೆಯವಳಾದಳು. ಸಮಿತಿಯ ಮೂವರೂ ಸಹಿ ಹಾಕಿದೆವು.

"ಟೈಲರ್‌ಗೆ ನಾನು ಹೇಳ್ತೀನಿ ಬಿಡಿ," ಎಂದರು ಮೇಸ್ತ್ರಿ.

"ಬೇಡ. ನಾನೇ ಹೋಗ್ತೀನಿ."

ಟೈಲರ್ ಅಂಗಡಿ ಬೀದಿಯ ತುದಿಯಲ್ಲಿ. ಒಂದು ಕೋಣೆ, ಎರಡು ಯಂತ್ರ, ಕತ್ತರಿಸುವ ಉದ್ದ ಮೇಜು. ಅವರು ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ತೋಳಿನ ಗೆರೆ ಎಳೆಯುತ್ತಿದ್ದರು. ಮಗಳು ಒಳಗಿನ ಯಂತ್ರದ ಮುಂದೆ ಕೂತಿದ್ದಳು. ಹೇಳಿದೆ. ಅವರು ಗೆರೆಯನ್ನು ಪೂರ್ತಿ ಎಳೆದು ಮುಗಿಸಿದರು.

"ಹೋದ ವಾರ ನನ್ನ ಮಗಳು ಗೆದ್ದಿದ್ಲು. ಈ ವಾರ ಸೋತಿದಾಳೆ. ಮಧ್ಯ ಅವಳೇನು ಮರೆತುಬಿಟ್ಲಾ?"

"ಇಲ್ಲ ಅಣ್ಣ. ಅವಳು ಚೆನ್ನಾಗೇ ಮಾಡಿದಾಳೆ."

"ಹಾಗಾದ್ರೆ ನಿಮ್ಮ ತಪ್ಪು ತಿದ್ದಿಕೊಳ್ಳೋಕೆ ನನ್ನ ಮನೇನೇ ಬೇಕಿತ್ತಾ? ಇಡೀ ಬೀದಿಗೆ ಹೇಳಿಕೊಂಡು ಬಂದೆ ನಾನು. ನಾಳೆ ಯಾವ ಮುಖ ಇಟ್ಕೊಂಡು ಅಂಗಡಿ ಬಾಗಿಲು ತೆಗೀಲಿ?"

ಕತ್ತರಿ ಎತ್ತಿಕೊಂಡರು, ಕತ್ತರಿಸಲಿಲ್ಲ.

ಗುಂಡುಸೂಜಿ ಎದ್ದು ಬಂದಳು. ಅತ್ತಿದ್ದಳು, ಮುಖ ತೊಳೆದಿದ್ದಳು.

"ಒಂದು ಕೇಳ್ತೀನಿ ಮೇಡಂ. ಅವಳ ಕೈ ನೋಡಿರಲಿಲ್ಲ ಅಂದ್ರಿ. ನನ್ನ ಕೈ ನೋಡಿದ್ರಾ?"

"ಇಲ್ಲ."

"ಗುರುವಾರ?"

"ಗುರುವಾರವೂ ಇಲ್ಲ." ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಮುಚ್ಚಿಡಲಾಗಲಿಲ್ಲ. "ನೀನು ತಲೆ ಬಗ್ಗಿಸಿ ಗೆರೆಯ ಕೆಳಗಿಂದ ಅಂಕಿ ಓದ್ತೀಯ. ಅಂಕಿ ಓದೋ ಕ್ರಮಕ್ಕಿರೋ ಅಂಕದಲ್ಲಿ ಅದರಿಂದ ನಿನಗೆ ಎರಡು ಹೋಯ್ತು. ಇವತ್ತು ಕಾಣಿಸ್ತು. ಮೊದಲೇ ಕಾಣಿಸಬೇಕಿತ್ತು."

ಟೈಲರ್ ಕತ್ತರಿಯನ್ನು ಮೇಜಿನ ಮೇಲೆ ಇಟ್ಟರು. ಆ ಸದ್ದಿಗೆ ನಾನು ಹೊರಗೆ ಹೋಗಬೇಕೆಂದುಕೊಂಡೆ. ಹೋಗಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ನನಗೆ ಅಳಬೇಕೆನ್ನಿಸಿತು. ಅವರ ಎದುರು ಅಳುವ ಹಕ್ಕು ನನಗಿರಲಿಲ್ಲ. ಅಳಲಿಲ್ಲ.

ಹುಡುಗಿ ಒಳಗೆ ಹೋಗಿ ಪ್ರಯೋಗದ ಪುಸ್ತಕ ತಂದಳು. ಹದಿನಾಲ್ಕು ಶನಿವಾರಗಳ ಪುಟಗಳು, ಪ್ರತಿ ಪುಟದಲ್ಲೂ ನನ್ನ ಗುರುತು. ಅಪ್ಪನ ಮೇಜಿನ ಮೇಲಿನ ಬಟ್ಟೆಯನ್ನು ಬದಿಗೆ ಸರಿಸಿ, ಮೊದಲ ಪುಟ ತೆರೆದಿಟ್ಟಳು.

"ಸೀಟು ಹೋಯ್ತು. ಇದರಲ್ಲಿ ಸುಮ್ಮನೆ ಸರಿ ಹಾಕಿದ್ದು ಯಾವ್ಯಾವುದು, ಅದನ್ನಾದ್ರೂ ಹೇಳಿ," ಎಂದಳು.

ಅವಳ ಅಪ್ಪ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಕೂತೆ. ಮೊದಲ ಪುಟದ ಮೊದಲ ಅಂಕಿಯಿಂದ ಓದತೊಡಗಿದೆ.